ಚಳಿಗಾಲದಲ್ಲಿ ಮಾಸ್ಕೋದಿಂದ ವ್ಲಾದಿವೊಸ್ತೋಕ್‌ಗೆ ದಂಪತಿಗಳ ರೈಲು ಪ್ರಯಾಣ: ಯಾವುದು ಮೊದಲು, ಯಾವುದು ಆಮೇಲೆ

ರೈಲಿನಲ್ಲಿ ಸೈಬೀರಿಯಾ ದಾಟಬೇಕೆಂದು ಹೊರಡುವ ನಮ್ಮ ಕಡೆಯ ಗಂಡಹೆಂಡಿರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ಮೊದಲು ವಿಮಾನದ ಟಿಕೆಟ್ ತೆಗೆದುಬಿಡುತ್ತಾರೆ. ಆಮೇಲೆ ವೀಸಾ, ಆಮೇಲೆ ರೈಲು, ಎಲ್ಲಕ್ಕಿಂತ ಕೊನೆಗೆ ಅಲ್ಲಿ ದುಡ್ಡು ಹೇಗೆ ಕೊಡುವುದೆಂಬ ಯೋಚನೆ. ಅಷ್ಟು ಹೊತ್ತಿಗೆ ವೀಸಾದ ದಿನಗಳು ರೈಲಿನ ದಿನಗಳಿಗೆ ಹೊಂದುವುದಿಲ್ಲ, ಇಬ್ಬರಿಗೂ ಒಂದೇ ಕಡೆ ಬರ್ತ್ ಸಿಗುವುದಿಲ್ಲ, ಜೇಬಿನಲ್ಲಿರುವ ಕಾರ್ಡು ಮಾಸ್ಕೋದಲ್ಲಿ ಒಂದು ಲೋಟ ಚಹಾಕ್ಕೂ ಆಗುವುದಿಲ್ಲ. ಕ್ರಮ ಸರಿಯಾಗಿದ್ದರೆ ಈ ಪ್ರಯಾಣ ಅಂಥ ಕಷ್ಟದ್ದೇನಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ಹೇಳುತ್ತಿರುವುದು ಮಾಸ್ಕೋದಿಂದ ವ್ಲಾದಿವೊಸ್ತೋಕ್‌ವರೆಗಿನ 9,289 ಕಿಲೋಮೀಟರ್ ದಾರಿಯ ಬಗ್ಗೆ. ಎಲ್ಲಿಯೂ ಇಳಿಯದೆ ಹೋದರೆ ಸುಮಾರು ಏಳು ದಿನ. ಕಾಲ ಫೆಬ್ರವರಿ ಅಥವಾ ಮಾರ್ಚ್ ಆದಿಭಾಗ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ ಹಗಲು ಬಹಳ ಚಿಕ್ಕದು, ಕಿಟಕಿಯಾಚೆ ನೋಡುವ ಆಸೆಯಲ್ಲಿ ಹೋದವರಿಗೆ ಕತ್ತಲೆಯೇ ಹೆಚ್ಚು ಸಿಗುತ್ತದೆ. ಫೆಬ್ರವರಿ ಕೊನೆಯ ಹೊತ್ತಿಗೆ ಹಗಲು ಹಿಗ್ಗಿರುತ್ತದೆ, ಬೈಕಲ್ ಸರೋವರವೂ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ.

ಹಂತ 1: ಹೋಗಬಹುದೇ ಎಂದು ನೋಡಿ, ಆಮೇಲೆ ದುಡ್ಡಿನ ದಾರಿ ಹುಡುಕಿ

ರಷ್ಯಾ ಯುದ್ಧದಲ್ಲಿರುವ ದೇಶ. ಸೈಬೀರಿಯಾದ ರೈಲುಗಳು ಓಡುತ್ತಿವೆ ಎಂಬುದು ನಿಜ, ಪಶ್ಚಿಮ ಭಾಗದ ವಿಮಾನ ನಿಲ್ದಾಣಗಳನ್ನು ಡ್ರೋನ್ ಭೀತಿಯಿಂದ ಆಗಾಗ ಗಂಟೆಗಟ್ಟಲೆ ಮುಚ್ಚುತ್ತಾರೆ ಎಂಬುದೂ ನಿಜ. ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಮೊದಲು ಓದಿ. ಅನಂತರ ಪ್ರವಾಸ ವಿಮೆಯಲ್ಲಿ ಹೊರಗಿಟ್ಟ ದೇಶಗಳ ಪಟ್ಟಿಯನ್ನು ತೆರೆದು ನೋಡಿ. ಮುಖಪುಟದಲ್ಲಿ ಇಡೀ ಜಗತ್ತಿಗೆ ಅನ್ವಯ ಎಂದಿದ್ದರೂ ಒಳಗಿನ ಸಣ್ಣ ಅಕ್ಷರಗಳಲ್ಲಿ ರಷ್ಯಾವನ್ನು ಕೈಬಿಟ್ಟಿರಬಹುದು. ಈ ಎರಡರಲ್ಲಿ ಯಾವುದಾದರೂ ಮನಸ್ಸಿಗೆ ಒಪ್ಪದಿದ್ದರೆ ಇಲ್ಲಿಗೇ ನಿಲ್ಲಿಸಿ. ಹಳಿ ಎಲ್ಲಿಗೂ ಹೋಗುವುದಿಲ್ಲ.

ಇನ್ನು ದುಡ್ಡು. 2022ರ ಮಾರ್ಚ್‌ನಿಂದ ಹೊರದೇಶಗಳಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ರಷ್ಯಾದೊಳಗೆ ಕೆಲಸ ಮಾಡುವುದಿಲ್ಲ. ಎಟಿಎಂನಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಯುಪಿಐ ಭರವಸೆಯಲ್ಲಿ ಹೋಗಬೇಡಿ. ನಗದೇ ಗತಿ. ಡಾಲರ್ ಅಥವಾ ಯೂರೋ ನೋಟುಗಳನ್ನು ಇಲ್ಲಿಂದಲೇ ಒಯ್ಯಬೇಕು. ನೋಟುಗಳು ಹೊಸದಾಗಿರಲಿ, ಮಡಿಕೆ, ಶಾಯಿ ಗುರುತು, ಹರಿದ ಅಂಚು ಇದ್ದರೆ ಅಲ್ಲಿ ರೂಬಲ್‌ಗೆ ಬದಲಿಸುವಾಗ ಬ್ಯಾಂಕಿನಲ್ಲಿ ತಕರಾರು ತೆಗೆಯುತ್ತಾರೆ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದು ಇಲ್ಲಿ ನೆರವಿಗೆ ಬರುತ್ತದೆ. ಹೆಚ್ಚಿನ ದೇಶಗಳಿಗೆ ಹೋಗುವಾಗ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ಮಾತ್ರ ನೋಟಿನ ರೂಪದಲ್ಲಿ ಕೊಡಬಹುದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ರಷ್ಯಾಕ್ಕೆ ಹೋಗುವವರಿಗೆ ಆ ಮಿತಿ ಇಲ್ಲ, ಪೂರ್ತಿ ಮೊತ್ತವನ್ನು ನೋಟಿನಲ್ಲೇ ಪಡೆಯಬಹುದು. ಹಣ ವಿನಿಮಯದ ಕೌಂಟರಿನಲ್ಲಿ ಆಗುವುದಿಲ್ಲ ಎಂದರೆ ಈ ವಿನಾಯಿತಿಯನ್ನು ನೆನಪಿಸಿ. ಅಲ್ಲಿಗೆ ಇಳಿಯುವಾಗ ಒಬ್ಬರ ಬಳಿ 10,000 ಡಾಲರ್‌ಗಿಂತ ಹೆಚ್ಚಿದ್ದರೆ ಕಸ್ಟಮ್ಸ್‌ಗೆ ಘೋಷಿಸಬೇಕು.

ನಗದನ್ನು ಇಬ್ಬರೂ ಹಂಚಿಕೊಂಡು ಇಟ್ಟುಕೊಳ್ಳಿ. ಮನೆಯ ವ್ಯವಹಾರವನ್ನೆಲ್ಲ ಒಬ್ಬರೇ ನೋಡಿಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ಈ ಪ್ರಯಾಣದ ಮಟ್ಟಿಗೆ ಅದನ್ನು ಬಿಡಬೇಕು. ಎಲ್ಲವೂ ಇರುವ ಒಂದೇ ಪರ್ಸು ಕಳೆದರೆ ಊರಿನಿಂದ ಹಣ ತರಿಸುವ ಸುಲಭದ ಹಾದಿ ಅಲ್ಲಿಲ್ಲ.

ಹಂತ 2: ಹೊರಬೀಳುವ ದಿನವನ್ನು ಮೊದಲು ಗುರುತಿಸಿ

ಕ್ಯಾಲೆಂಡರನ್ನು ಹಿಂದಿನಿಂದ ತುಂಬಿಸಿಕೊಂಡು ಬನ್ನಿ. ರಷ್ಯಾದಿಂದ ಹೊರಡುವ ದಿನ ಯಾವುದು? ಅದಕ್ಕಿಂತ ಎರಡು ದಿನ ಮೊದಲಾದರೂ ವ್ಲಾದಿವೊಸ್ತೋಕ್ ತಲುಪಿರಬೇಕು. ಅಲ್ಲಿಂದ ಭಾರತಕ್ಕೆ ನೇರ ವಿಮಾನವಿಲ್ಲ. ಮಾಸ್ಕೋಗೆ ಮರಳಿ ಬರಬೇಕು, ಇಲ್ಲವೇ ಬೇರೆ ದೇಶದ ಮೂಲಕ ಬರಬೇಕು. ಮಾಸ್ಕೋಗೆ ಮರಳುವ ವಿಮಾನವೇ ಎಂಟು ಗಂಟೆಗೂ ಹೆಚ್ಚು ಹಾರುತ್ತದೆ. ಬೇರೆ ದೇಶದ ಮೂಲಕ ಬರುವುದಾದರೆ ಅಲ್ಲಿನ ಟ್ರಾನ್ಸಿಟ್ ವೀಸಾ ನಿಯಮವನ್ನೂ ಈಗಲೇ ನೋಡಿ.

2023ರ ಆಗಸ್ಟ್‌ನಿಂದ ಭಾರತೀಯರಿಗೆ ಇ-ವೀಸಾ ಸಿಗುತ್ತಿದೆ. ಆಗ ಉಳಿಯಲು ಕೊಡುತ್ತಿದ್ದದ್ದು 16 ದಿನ, 2025ರ ಆಗಸ್ಟ್‌ನಿಂದ ಅದು 30 ದಿನವಾಗಿದೆ. ಹಳೆಯ ಬರಹಗಳಲ್ಲಿ ಇನ್ನೂ 16 ಎಂದೇ ಇರುವುದರಿಂದ ಕೆಲವರು ಗಡಿಬಿಡಿಯಲ್ಲಿ ಓಡುವಂಥ ಯೋಜನೆ ಹಾಕಿಕೊಳ್ಳುತ್ತಾರೆ. ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಇಲ್ಲಿ ಎಣಿಸುವುದು ಗಂಟೆಯನ್ನಲ್ಲ, ದಿನಾಂಕವನ್ನು. ರಾತ್ರಿ 11.50ಕ್ಕೆ ಮಾಸ್ಕೋದಲ್ಲಿ ಇಳಿದರೂ ಅದು ಮೊದಲನೆಯ ದಿನವೇ. ಕೊನೆಯ ದಿನಾಂಕ ಮುಗಿಯುವ ಮುನ್ನ ಗಡಿ ದಾಟಿರಬೇಕು.

ಇ-ವೀಸಾದಲ್ಲಿ ಒಂದೇ ಸಲ ಪ್ರವೇಶ, ಅದೂ ಗೊತ್ತುಪಡಿಸಿದ ಗಡಿ ಠಾಣೆಗಳಲ್ಲಿ ಮಾತ್ರ. ಮಾಸ್ಕೋ ಮತ್ತು ವ್ಲಾದಿವೊಸ್ತೋಕ್‌ನ ವಿಮಾನ ನಿಲ್ದಾಣಗಳು ಪಟ್ಟಿಯಲ್ಲಿವೆ. ಬೇರೆ ದಾರಿಯ ಆಲೋಚನೆಯಿದ್ದರೆ ಪಟ್ಟಿಯನ್ನು ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಗಂಡಹೆಂಡತಿಯಾದರೂ ಅರ್ಜಿ ಬೇರೆಬೇರೆ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ತಾಪತ್ರಯವಿದೆ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. ಇನ್ನು ಕೆಲವರದರಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಅಲ್ಲಿ ಕುಳಿತಿರುತ್ತದೆ. ವೀಸಾದಲ್ಲಿ ಒಂದು ರೀತಿ, ವಿಮಾನದಲ್ಲಿ ಇನ್ನೊಂದು, ರೈಲಿನಲ್ಲಿ ಮತ್ತೊಂದು ಆಗದಂತೆ ನೋಡಿಕೊಳ್ಳಿ. ಹೆಂಡತಿಯ ಹೆಸರಿಗೆ ಮದುವೆಯ ನಂತರ ಗಂಡನ ಹೆಸರು ಸೇರಿದ್ದರೂ ಪಾಸ್‌ಪೋರ್ಟಿನಲ್ಲಿ ಸೇರಿರದಿದ್ದರೆ ಎಲ್ಲಿಯೂ ಸೇರಿಸಬೇಡಿ.

ಹಂತ 3: ದಾರಿಯನ್ನು ಮೂರು ತುಂಡು ಮಾಡಿ

ಏಳು ದಿನವೂ ಒಂದೇ ರೈಲಿನಲ್ಲಿ ಕೂರುವುದು ಸಾಹಸವೆನಿಸಬಹುದು. ದಂಪತಿಗಳಿಗೆ ನಾನು ಅದನ್ನು ಹೇಳುವುದಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಸ್ನಾನವಿಲ್ಲದ ಮೈ, ಕೆಟ್ಟ ನಿದ್ದೆ, ಎದುರಿಗೆ ಅದೇ ಮುಖ. ಜಗಳಕ್ಕೆ ಕಾರಣ ಬೇಕಾಗುವುದಿಲ್ಲ.

ಒಂದೇ ಟಿಕೆಟ್ ಕೊಂಡು ನಡುನಡುವೆ ಇಳಿದು ಹತ್ತಬಹುದೆಂಬುದು ತಪ್ಪು ಎಣಿಕೆ. ಪ್ರತಿ ತುಂಡಿಗೂ ಬೇರೆ ಟಿಕೆಟ್ ತೆಗೆಯಿರಿ. ಹೀಗೆ ಮಾಡಿದರೆ ಸರಿಹೋಗುತ್ತದೆ:

1. ಮಾಸ್ಕೋದಿಂದ ಯೆಕತೆರಿನ್‌ಬುರ್ಗ್, ಸುಮಾರು 1,816 ಕಿ.ಮೀ. ಒಂದು ಹಗಲು, ಒಂದು ರಾತ್ರಿ. ಇಬ್ಬರಿಗೂ ರೈಲಿನ ಬದುಕು ಒಗ್ಗುತ್ತದೆಯೇ ಎಂಬ ಪರೀಕ್ಷೆ ಇಲ್ಲಿ ಆಗಿಹೋಗುತ್ತದೆ.

2. ಯೆಕತೆರಿನ್‌ಬುರ್ಗ್‌ನಿಂದ ಇರ್ಕುತ್ಸ್ಕ್, ಸುಮಾರು 3,370 ಕಿ.ಮೀ. ಎರಡು ದಿನಕ್ಕೂ ಹೆಚ್ಚು. ಕಿಟಕಿಯ ನೋಟ ಇಲ್ಲಿ ಏಕತಾನ. ಬರ್ಚ್ ಮರ, ಹಿಮ, ಮತ್ತೆ ಬರ್ಚ್ ಮರ. ಓದಲು ಪುಸ್ತಕವಿಲ್ಲದವರು ಪರದಾಡುವುದು ಈ ತುಂಡಿನಲ್ಲಿ.

3. ಇರ್ಕುತ್ಸ್ಕ್‌ನಿಂದ ವ್ಲಾದಿವೊಸ್ತೋಕ್, ಸುಮಾರು 4,100 ಕಿ.ಮೀ. ಮೂರು ದಿನ. ಅತಿ ಚಳಿಯ ಊರುಗಳು ಬರುವುದೂ ಇಲ್ಲಿಯೇ.

ಮೂರನೆಯ ತುಂಡಿನ ರೈಲನ್ನು ಆರಿಸುವಾಗ ಹೊರಡುವ ವೇಳೆ ನೋಡಿ. ಇರ್ಕುತ್ಸ್ಕ್ ಬಿಟ್ಟು ಸ್ಲ್ಯುದ್ಯಾಂಕಾ ಕಡೆಗೆ ಇಳಿದ ಮೇಲೆ ಹಳಿ ಸುಮಾರು 200 ಕಿ.ಮೀ. ಬೈಕಲ್ ದಂಡೆಯಲ್ಲೇ ಸಾಗುತ್ತದೆ. ರಾತ್ರಿ ಹೊರಡುವ ರೈಲು ಹಿಡಿದವರಿಗೆ ಸರೋವರದ ಬದಲು ಕಿಟಕಿಯಲ್ಲಿ ತಮ್ಮದೇ ಪ್ರತಿಬಿಂಬ ಸಿಗುತ್ತದೆ. ಬೆಳಿಗ್ಗೆ ಹೊರಡುವುದನ್ನೇ ಹಿಡಿಯಿರಿ. ಪೂರ್ವಕ್ಕೆ ಹೋಗುವಾಗ ನೀರು, ಅಂದರೆ ಮಂಜುಗಡ್ಡೆ, ಎಡಕ್ಕಿರುತ್ತದೆ. ನಿಮ್ಮ ಕೋಣೆ ಬಲಕ್ಕೆ ಬಂದಿದ್ದರೆ ಓಣಿಗೆ ಹೋಗಿ ನಿಂತರಾಯಿತು.

ವೇಳೆಯ ಬಗ್ಗೆ ಒಂದು ಎಚ್ಚರಿಕೆ. ಹಿಂದೆ ದೇಶದುದ್ದಕ್ಕೂ ಟಿಕೆಟ್ ಮೇಲೆ ಮಾಸ್ಕೋ ಸಮಯವನ್ನೇ ಮುದ್ರಿಸುತ್ತಿದ್ದರು. 2018ರ ಆಗಸ್ಟ್‌ನಿಂದ ಆಯಾ ಊರಿನ ಸಮಯ ಹಾಕುತ್ತಾರೆ. ಹಳೆಯ ಮಾರ್ಗದರ್ಶಿ ನಂಬಿ ಇರ್ಕುತ್ಸ್ಕ್‌ನಲ್ಲಿ ಐದು ಗಂಟೆ ಕೂಡಿಸಿದರೆ ನೀವು ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಹೋಗಿ ಐದು ಗಂಟೆಯಾಗಿರುತ್ತದೆ. ಹಾಗೆಯೇ 10ನೇ ತಾರೀಖು 00.20ಕ್ಕೆ ರೈಲು ಎಂದರೆ 9ರ ರಾತ್ರಿ ಊಟ ಮುಗಿಸಿ ಹೊರಡಬೇಕು.

ಹಂತ 4: ಬರ್ತ್ ಆರಿಸುವುದು

ಸಾಮಾನ್ಯವಾಗಿ ಮೂರು ತಿಂಗಳು ಮೊದಲು ಟಿಕೆಟ್ ತೆರೆಯುತ್ತದೆ. ರಷ್ಯಾ ರೈಲ್ವೆಯ ತಾಣದಲ್ಲಿ ನಿಮ್ಮ ಕಾರ್ಡು ನಡೆಯದು. ವಿದೇಶಿ ಕಾರ್ಡು ಸ್ವೀಕರಿಸುವ ಏಜೆಂಟರ ಮೂಲಕ ತೆಗೆಯಬೇಕು, ಅವರ ಶುಲ್ಕ ಸೇರಿ ಬೆಲೆ ಏರುತ್ತದೆ. ಮಾಸ್ಕೋಗೆ ಹೋಗಿ ಕೌಂಟರಿನಲ್ಲಿ ನಗದು ಕೊಟ್ಟು ಕೊಳ್ಳಬಹುದು, ಆದರೆ ಇಬ್ಬರಿಗೆ ಜೊತೆಯಾಗಿ ಒಳ್ಳೆಯ ಬರ್ತ್ ಉಳಿದಿರುತ್ತದೆಂದು ಹೇಳಲಾಗದು. ಮೊದಲ ತುಂಡನ್ನಾದರೂ ಇಲ್ಲಿಂದಲೇ ತೆಗೆಯಿರಿ.

ದರ್ಜೆಗಳು ಮುಖ್ಯವಾಗಿ ಮೂರು. ಪ್ಲಾಟ್ಸ್‌ಕಾರ್ಟ್ ಎಂದರೆ ಬಾಗಿಲಿಲ್ಲದ ತೆರೆದ ಬೋಗಿ, 54 ಬರ್ತ್, ನಮ್ಮ ಸ್ಲೀಪರಿನ ಸ್ವರೂಪ. ಕುಪೆ ಎಂದರೆ ಬಾಗಿಲಿರುವ ನಾಲ್ಕು ಬರ್ತ್‌ನ ಕೋಣೆ. ಎಸ್‌ವಿ ಎಂದರೆ ಎರಡೇ ಬರ್ತ್. ನಮ್ಮ ರೈಲುಗಳ ಮೊದಲ ದರ್ಜೆಯಲ್ಲಿ ಕೂಪೆ ಎಂದರೆ ಇಬ್ಬರ ಕೋಣೆ. ಆ ಅಭ್ಯಾಸದಲ್ಲಿ ಕುಪೆ ಕೊಂಡು, ಬಾಗಿಲು ತೆರೆದಾಗ ಒಳಗೆ ಇಬ್ಬರು ಅಪರಿಚಿತರು ಚಹಾ ಕುಡಿಯುತ್ತಿರುವುದನ್ನು ಕಂಡು ಬೆಚ್ಚಿಬಿದ್ದವರಿದ್ದಾರೆ. ಇಬ್ಬರೇ ಇರಬೇಕೆಂದರೆ ಎಸ್‌ವಿ. ಬೆಲೆ ಬಹಳ ಹೆಚ್ಚು, ಎಲ್ಲ ರೈಲಿನಲ್ಲೂ ಇರುವುದಿಲ್ಲ.

ನನ್ನ ಮಾತು ಕೇಳುವುದಾದರೆ ಎರಡನೆಯ ಅಥವಾ ಮೂರನೆಯ ತುಂಡಿಗೆ ಮಾತ್ರ ಎಸ್‌ವಿ ಹುಡುಕಿ, ಉಳಿದದ್ದಕ್ಕೆ ಕುಪೆ ಸಾಕು. ಪೂರ್ತಿ ದಾರಿಯನ್ನು ಎಸ್‌ವಿಯಲ್ಲಿ ಕಳೆದರೆ ರಷ್ಯನ್ನರೊಡನೆ ಒಂದು ಮಾತೂ ಆಡದೆ ರಷ್ಯಾ ದಾಟಿದ ಹಾಗಾಗುತ್ತದೆ.

ಕುಪೆಯಲ್ಲಿ ಬೆಸ ಸಂಖ್ಯೆ ಕೆಳಗೆ, ಸಮ ಸಂಖ್ಯೆ ಮೇಲೆ. 13–14 ಒಂದು ಬದಿಯ ಜೋಡಿ, 15–16 ಎದುರು ಬದಿಯದು. ಇಬ್ಬರಿಗೂ ಕೆಳಗಿನ ಬರ್ತ್ ಸಿಕ್ಕರೆ ಗೆದ್ದೆವೆಂದು ಅನ್ನಿಸುತ್ತದೆ. ಆದರೆ ಹಗಲಿನಲ್ಲಿ ಮೇಲಿನವರು ಕೆಳಗಿನ ಬರ್ತ್‌ನಲ್ಲಿ ಕೂರುವುದು ಅಲ್ಲಿನ ರೂಢಿ, ಆಗ ಎರಡೂ ಕಡೆ ನಿಮ್ಮ ಹಾಸಿಗೆಯ ಮೇಲೆ ಒಬ್ಬೊಬ್ಬರು ಕುಳಿತಿರುತ್ತಾರೆ. ಒಂದೇ ಬದಿಯ ಕೆಳಗಿನದು ಮತ್ತು ಮೇಲಿನದು ತೆಗೆದುಕೊಳ್ಳಿ. ಆ ಬದಿ ಪೂರ್ತಿ ನಿಮ್ಮದೇ. ಮಂಡಿನೋವು ಇರುವವರು ಕೆಳಗೆ.

ಬೋಗಿಯ ನಡುವಿನ ಕೋಣೆ, ಅಂದರೆ 13ರಿಂದ 20ರ ಒಳಗಿನವು ಒಳ್ಳೆಯವು. 33ರಿಂದ 36 ಶೌಚಾಲಯದ ಪಕ್ಕ. ಹಗಲೂ ರಾತ್ರಿಯೂ ಬಾಗಿಲಿನ ಸದ್ದು.

ಈಗ ಅತಿ ಹೆಚ್ಚು ಜೋಡಿಗಳು ಬೀಳುವ ಹಳ್ಳ. ಹಲವು ರೈಲುಗಳಲ್ಲಿ ಕೆಲವು ಕೋಣೆಗಳನ್ನು ಹೆಂಗಸರಿಗೆ, ಕೆಲವನ್ನು ಗಂಡಸರಿಗೆ, ಉಳಿದವನ್ನು ಎಲ್ಲರಿಗೂ ಎಂದು ಗುರುತಿಸಿರುತ್ತಾರೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಎಂದು ಬೇರೆಬೇರೆಯಾಗಿ ಟಿಕೆಟ್ ತೆಗೆದರೆ ಬೇರೆ ಕೋಣೆಗಳಿಗೆ ಹೋಗುತ್ತೀರಿ. ಇಬ್ಬರ ಹೆಸರನ್ನೂ ಒಂದೇ ಬುಕಿಂಗ್‌ನಲ್ಲಿ ಹಾಕಿ, ಮಿಶ್ರ ಕೋಣೆ ಎಂಬ ಗುರುತು ಇದೆಯೇ ಎಂದು ನೋಡಿ, ಆಮೇಲೆ ಹಣ ಕೊಡಿ. ಏಜೆಂಟರಿಗೂ ಇದನ್ನು ಬರೆದು ತಿಳಿಸಿ.

ಹಂತ 5: ಬಟ್ಟೆ ಕಟ್ಟುವುದು

ಚಳಿಗೆ ಹೆದರಿ ಎರಡು ದೊಡ್ಡ ಸೂಟ್‌ಕೇಸ್ ತುಂಬ ಉಣ್ಣೆ ತುಂಬಿಕೊಂಡು ಬರುತ್ತಾರೆ. ಬೋಗಿಯೊಳಗೆ ಬಿಸಿ ಎಷ್ಟಿರುತ್ತದೆ ಎಂದರೆ 24–25 ಡಿಗ್ರಿ. ರಷ್ಯನ್ನರು ಟೀ ಶರ್ಟು, ಚಡ್ಡಿ, ಚಪ್ಪಲಿಯಲ್ಲಿ ಓಡಾಡುತ್ತಿರುತ್ತಾರೆ, ನಮ್ಮವರು ಥರ್ಮಲ್ ಹಾಕಿಕೊಂಡು ಬೆವರುತ್ತಿರುತ್ತಾರೆ. ಆ ಬೆವರು ಮೈಮೇಲೆ ಇದ್ದಂತೆಯೇ ಮೈನಸ್ 30ರ ಪ್ಲಾಟ್‌ಫಾರ್ಮಿಗೆ ಇಳಿಯುವುದೇ ಅಪಾಯ.

ಒಳಗೆ ತೊಡಲು ಹತ್ತಿಯ ಸಡಿಲ ಬಟ್ಟೆ, ರಬ್ಬರ್ ಚಪ್ಪಲಿ. ಹೊರಗೆ ಇಳಿಯಲು ಎಲ್ಲವನ್ನೂ ಕಳಚಿ ಹಾಕುವ ಸರ್ಕಸ್ ಬೇಡ. ಮೇಲಿಂದ ಸುತ್ತಿಕೊಳ್ಳುವ ಒಂದು ಉದ್ದನೆಯ ದಪ್ಪ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು ಬಾಗಿಲ ಬಳಿಯ ಕೊಕ್ಕೆಗೆ ಸದಾ ನೇತುಹಾಕಿರಲಿ. ಊರುಗಳಲ್ಲಿ ತಿರುಗಾಡುವ ದಿನಕ್ಕೆ ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಆ ಜಾಕೆಟ್. ಬೂಟು ಒಂದು ಅಳತೆ ದೊಡ್ಡದಿರಲಿ, ಒಳಗೆ ಉಣ್ಣೆಯ ಕಾಲುಚೀಲ. ಬಿಗಿಯಾದ ಬೂಟಿನಲ್ಲಿ ರಕ್ತ ಓಡುವುದಿಲ್ಲ, ಕಾಲ್ಬೆರಳು ಮೊದಲು ಹೋಗುತ್ತದೆ. ಬೆಂಗಳೂರಿನಲ್ಲಿ ಹುಡುಕುವುದಕ್ಕಿಂತ ಮಾಸ್ಕೋದ ಅಂಗಡಿಯಲ್ಲಿ ಬೂಟು ಕೊಳ್ಳುವುದು ಮೇಲು. ಅಲ್ಲಿನ ಚಳಿಗೆ ಬೇಕಾದದ್ದು ಅಲ್ಲಿರುತ್ತದೆ. ವಿಮಾನ ಇಳಿದ ಮೇಲೆ ಎರಡು ರಾತ್ರಿ ಮಾಸ್ಕೋದಲ್ಲಿ ಇರಿ. ವಿಮಾನ ತಡವಾಗಬಹುದು ಎಂಬುದರ ಜೊತೆಗೆ ಈ ಖರೀದಿಯೂ ಅದಕ್ಕೆ ಕಾರಣ.

ಔಷಧಿ ಪೆಟ್ಟಿಗೆಯನ್ನು ಒಮ್ಮೆ ಜಾಲಾಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆಗಳಂಥವು ಅಲ್ಲಿ ನಿಯಂತ್ರಿತ ಪದಾರ್ಥಗಳು. ವೈದ್ಯರ ಚೀಟಿ ಮತ್ತು ಅನುವಾದ ಇಲ್ಲದಿದ್ದರೆ ಒಯ್ಯಬೇಡಿ.

ಹಂತ 6: ತಿನ್ನುವುದು

ಪ್ರತಿ ಬೋಗಿಯ ಒಂದು ತುದಿಯಲ್ಲಿ ಕುದಿನೀರಿನ ಹಂಡೆ ಇರುತ್ತದೆ, ದಿನವಿಡೀ, ಪುಕ್ಕಟೆ. ನಿಮ್ಮ ಅಡುಗೆಮನೆ ಅದೇ. ತೆಳ್ಳನೆಯ ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಚಟ್ನಿಪುಡಿ, ಉಪ್ಪಿನಕಾಯಿ. ಮುಚ್ಚಳವಿರುವ ಎರಡು ಸ್ಟೀಲ್ ಡಬ್ಬಿ, ಎರಡು ಚಮಚ. ಅವಲಕ್ಕಿಗೆ ಕುದಿನೀರು ಸುರಿದು ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಊಟ. ಕಾರ್ಖಾನೆಯ ಮೊಹರಿರುವ ಪೊಟ್ಟಣಗಳೇ ಇರಲಿ. ಹಸಿ ಹಣ್ಣು, ತರಕಾರಿ, ಕರಿಬೇವಿನ ಕಟ್ಟು ಬೇಡ.

ಸಸ್ಯಾಹಾರಿಗಳು ಊಟದ ಬೋಗಿಯನ್ನು ನೆಚ್ಚಬಾರದು. ಮಾಂಸವಿಲ್ಲ ಎಂದರೂ ಸಾರು ಮಾಂಸದ್ದೇ ಆಗಿರುತ್ತದೆ. ನಿಲ್ದಾಣದ ಅಂಗಡಿಗಳಲ್ಲಿ ಬ್ರೆಡ್ಡು, ಚೀಸು, ಒಣಹಣ್ಣು, ನೀರು ಹಾಕಿದರೆ ಕಲಸಿಕೊಳ್ಳುವ ಆಲೂಗೆಡ್ಡೆ ಪುಡಿ ಸಿಗುತ್ತದೆ. ಕೋಣೆಯಲ್ಲಿ ಅಪರಿಚಿತರಿದ್ದಾಗ ಬೆಳ್ಳುಳ್ಳಿ ಚಟ್ನಿಪುಡಿ ತೆರೆಯುವ ಮೊದಲು ಬಾಗಿಲು ತೆರೆದಿಡಿ. ತಿನ್ನುವಾಗ ಎದುರಿನವರಿಗೂ ಒಂದಿಷ್ಟು ಕೊಡಿ. ಅವರ ತಿಂಡಿ ನಿಮ್ಮ ಮೇಜಿಗೆ ಬರಲು ಹೆಚ್ಚು ಹೊತ್ತಾಗುವುದಿಲ್ಲ.

ನಿಮ್ಮ ಬಾಟಲಿಯ ಮದ್ಯಕ್ಕೆ ಕೋಣೆಯಲ್ಲಿ ಅವಕಾಶವಿಲ್ಲ. ಧೂಮಪಾನ 2014ರಿಂದ ರೈಲಿನಲ್ಲೂ ಪ್ಲಾಟ್‌ಫಾರ್ಮಿನಲ್ಲೂ ನಿಷಿದ್ಧ.

ಹಂತ 7: ಹತ್ತುವುದು, ನಿಲ್ದಾಣಗಳಲ್ಲಿ ಇಳಿಯುವುದು

ಮಾಸ್ಕೋದಲ್ಲಿ ನಿಮ್ಮ ರೈಲು ಯಾರೊಸ್ಲಾವ್‌ಸ್ಕಿ ನಿಲ್ದಾಣದಿಂದಲೇ ಹೊರಡುತ್ತದೆಯೇ ಎಂದು ಟಿಕೆಟ್ ನೋಡಿ. ಅದೇ ಚೌಕದಲ್ಲಿ ಇನ್ನೂ ಎರಡು ದೊಡ್ಡ ನಿಲ್ದಾಣಗಳಿವೆ, ಗಡಿಬಿಡಿಯಲ್ಲಿ ತಪ್ಪು ಕಟ್ಟಡಕ್ಕೆ ನುಗ್ಗುವುದು ಸುಲಭ. ಬಾಗಿಲಲ್ಲಿ ಸಾಮಾನು ತಪಾಸಣೆ ಇರುವುದರಿಂದ ಒಂದು ಗಂಟೆ ಮೊದಲೇ ಹೋಗಿ.

ಬೋಗಿಯ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ನಿಂತಿರುವವರು ಪ್ರೊವೊದ್ನಿತ್ಸಾ, ಬೋಗಿಯ ಒಡತಿ ಎನ್ನಿ. ಪಾಸ್‌ಪೋರ್ಟ್ ನೋಡಿ ಒಳಗೆ ಬಿಡುತ್ತಾರೆ. ಮೊಹರು ಮಾಡಿದ ಹಾಸಿಗೆ ಬಟ್ಟೆ ನಿಮ್ಮ ಬರ್ತ್‌ನಲ್ಲಿರುತ್ತದೆ. ಅವರೊಡನೆ ಮನಸ್ತಾಪ ಮಾಡಿಕೊಂಡವರ ಪ್ರಯಾಣ ಸುಖವಾಗಿರುವುದಿಲ್ಲ. ಬೂಟಿನ ಹಿಮ ಒಳಗೆ ತರಬೇಡಿ, ಅವರಿಂದ ಆಗಾಗ ಚಹಾ ಕೊಳ್ಳಿ.

ಅವರ ಕೋಣೆಯ ಬಳಿ ನಿಲ್ದಾಣಗಳ ವೇಳಾಪಟ್ಟಿ ಅಂಟಿಸಿರುತ್ತಾರೆ. ಹತ್ತಿದ ಕೂಡಲೇ ಅದರ ಫೋಟೊ ತೆಗೆದುಕೊಳ್ಳಿ. ಬಹುಪಾಲು ನಿಲುಗಡೆ ಎರಡು ಮೂರು ನಿಮಿಷ, ಕೆಲವು 20–30 ನಿಮಿಷ. ದೀರ್ಘ ನಿಲುಗಡೆಯಲ್ಲಿ ಮಾತ್ರ ಇಳಿಯಿರಿ, ಅದೂ ಈ ಕ್ರಮದಲ್ಲಿ:

1. ಎಷ್ಟು ನಿಮಿಷ ಎಂದು ಪ್ರೊವೊದ್ನಿತ್ಸಾರನ್ನು ಬೆರಳಿನಲ್ಲೇ ಕೇಳಿ. ರೈಲು ತಡವಾಗಿದ್ದರೆ ನಿಲುಗಡೆಯನ್ನು ಕತ್ತರಿಸುತ್ತಾರೆ.

2. ಪಾಸ್‌ಪೋರ್ಟ್, ಫೋನು, ಸ್ವಲ್ಪ ರೂಬಲ್ ಇಳಿಯುವವರ ಒಳಜೇಬಿನಲ್ಲಿ. ಐದು ನಿಮಿಷದ ಕೆಲಸಕ್ಕೂ ಜಾಕೆಟ್ ಬಿಟ್ಟು ಹೋಗಬಾರದು. ರೈಲು ತಪ್ಪಿದರೆ ಟೀ ಶರ್ಟಿನಲ್ಲಿ ಉಳಿದುಬಿಡುತ್ತೀರಿ.

3. ಒಬ್ಬರು ಅಂಗಡಿಗೆ ಹೋದರೆ ಇನ್ನೊಬ್ಬರು ಬೋಗಿಯ ಬಾಗಿಲ ಕಣ್ಣಳತೆಯಲ್ಲಿ. ಹೊರಡುವ ಮುನ್ನ ನಮ್ಮಲ್ಲಿಯಂತೆ ಉದ್ದನೆಯ ಸೀಟಿ ಬರುತ್ತದೆಂದು ಕಾಯಬೇಡಿ.

4. ಹತ್ತುವಾಗ ಕೈಗವಸು ತೆಗೆಯಬೇಡಿ. ರೈಲು ನಿಂತೊಡನೆ ಪ್ರೊವೊದ್ನಿತ್ಸಾ ಬಟ್ಟೆಯಿಂದ ಕೈಹಿಡಿಯ ಕಂಬಿಯನ್ನು ಒರೆಸುತ್ತಾರೆ, ಕಬ್ಬಿಣದ ಸಲಾಕೆಯಿಂದ ಮೆಟ್ಟಿಲಿನ ಗಡ್ಡೆ ಒಡೆಯುತ್ತಾರೆ. ಆದರೂ ಒದ್ದೆ ಬರಿಗೈ ಆ ಲೋಹಕ್ಕೆ ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ.

ಫೋನಿನ ಬ್ಯಾಟರಿ ಚಳಿಗೆ ಕಣ್ಣೆದುರೇ ಇಳಿದುಹೋಗುತ್ತದೆ. ಮೈಗೆ ತಾಗಿದಂತೆ ಇಟ್ಟುಕೊಳ್ಳಿ. ಕ್ಯಾಮೆರಾವನ್ನು ಒಳಗೆ ತರುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೆಚ್ಚಗಾದ ಮೇಲೆ ತೆರೆಯಿರಿ, ಇಲ್ಲದಿದ್ದರೆ ಲೆನ್ಸಿನೊಳಗೆ ನೀರು ಕೂರುತ್ತದೆ. ಸೇತುವೆ, ಸೈನಿಕರು, ಸೇನೆಯ ಸರಕು ಹೊತ್ತ ರೈಲುಗಳ ಫೋಟೊ ಬೇಡವೇ ಬೇಡ. ಖಬಾರೊವ್‌ಸ್ಕ್ ಬಳಿ ಅಮೂರ್ ನದಿಯ ಮಹಾಸೇತುವೆ ಬಂದಾಗ ಕೈ ತುರಿಸುತ್ತದೆ, ಕಣ್ಣಿನಿಂದಷ್ಟೇ ನೋಡಿ.

ನಕ್ಷೆ, ಅನುವಾದದ ಆ್ಯಪ್‌ನ ರಷ್ಯನ್ ಭಾಷೆ, ಟಿಕೆಟ್ ಎಲ್ಲವನ್ನೂ ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಂಡಿರಬೇಕು. 2025ರ ಜನವರಿಯಿಂದ ವಿದೇಶಿಯರಿಗೆ ಸ್ಥಳೀಯ ಸಿಮ್ ಸಿಗಲು ಬಯೊಮೆಟ್ರಿಕ್ ನೋಂದಣಿ ಬೇಕು. ಊರುಗಳ ನಡುವೆ ಸಿಗ್ನಲ್ಲೇ ಇರುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ: ಎರಡು ದಿನ ಸುದ್ದಿ ಬಾರದಿದ್ದರೆ ಗಾಬರಿಯಾಗುವುದು ಬೇಡ.

ಎಚ್ಚರಿಕೆಯ ಲಕ್ಷಣಗಳು

ಚಳಿ ಕಚ್ಚುವ ಜಾಗಗಳು ಮೂಗಿನ ತುದಿ, ಕಿವಿಯ ಹಾಲೆ, ಕೆನ್ನೆ, ಬೆರಳು. ಮೊದಲು ಚುರುಗುಟ್ಟುತ್ತದೆ, ಆಮೇಲೆ ನೋವೇ ನಿಂತುಹೋಗುತ್ತದೆ. ನೋವು ನಿಂತದ್ದನ್ನು ಒಗ್ಗಿಹೋಯಿತೆಂದು ತಿಳಿಯುವುದು ದೊಡ್ಡ ತಪ್ಪು. ಅವರವರ ಮೂಗು ಅವರವರಿಗೆ ಕಾಣುವುದಿಲ್ಲ, ಇಬ್ಬರಿದ್ದೀರಲ್ಲ, ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಇನ್ನೊಬ್ಬರ ಮುಖ ನೋಡಿ. ನಮ್ಮ ಮೈಬಣ್ಣದಲ್ಲಿ ಅದು ಅಚ್ಚ ಬಿಳುಪಾಗಿ ಕಾಣದೆ ಬೂದು ಬಣ್ಣಕ್ಕೆ ತಿರುಗಬಹುದು, ಮೇಣ ಸವರಿದ ಹಾಗಿರುತ್ತದೆ. ಹಾಗೆ ಕಂಡರೆ ಒಳಗೆ ಬನ್ನಿ. ಉಜ್ಜಬೇಡಿ, ಹಿಮ ತಿಕ್ಕಬೇಡಿ, ಹೀಟರಿಗೆ ಹಿಡಿಯಬೇಡಿ. ಇನ್ನೊಬ್ಬರ ಬೆಚ್ಚಗಿನ ಅಂಗೈ ಅಥವಾ ಉಗುರುಬೆಚ್ಚಗಿನ ನೀರು ಸಾಕು. ಸ್ಪರ್ಶ ಮರಳದಿದ್ದರೆ, ಗುಳ್ಳೆ ಎದ್ದರೆ ವೈದ್ಯರು ಬೇಕು. ನಡುಕ ನಿಂತು ಮಾತು ತೊದಲಿದರೆ, ಮಂಕು ಕವಿದರೆ ಅದು ತುರ್ತು. 112ಕ್ಕೆ ಕರೆ ಮಾಡಿ. ರೈಲಿನಲ್ಲಾದರೆ ಪ್ರೊವೊದ್ನಿತ್ಸಾರಿಗೆ ಹೇಳಿ, ಮುಂದಿನ ನಿಲ್ದಾಣಕ್ಕೆ ಅವರು ವೈದ್ಯರನ್ನು ಕರೆಸುತ್ತಾರೆ.

ಬೈಕಲ್‌ನ ಗಡ್ಡೆಯ ಮೇಲೆ ಜನ ನಡೆಯುತ್ತಾರೆ, ವಾಹನ ಓಡಿಸುತ್ತಾರೆ. ಆದರೆ ಲಿಸ್ತ್‌ವ್ಯಾಂಕಾ ಬಳಿ ಅಂಗಾರಾ ನದಿ ಹೊರಡುವ ಜಾಗ ಚಳಿಗಾಲವಿಡೀ ಹೆಪ್ಪುಗಟ್ಟುವುದಿಲ್ಲ, ಸುತ್ತಲಿನ ಗಡ್ಡೆ ತೆಳುವಾಗಿರುತ್ತದೆ. ಸ್ಥಳೀಯರು ಹೋಗದ ಕಡೆ ನೀವೂ ಹೋಗಬಾರದು.

ಇನ್ನೊಂದು ಲಕ್ಷಣ ದೇಹದ್ದಲ್ಲ. ಪೂರ್ವಕ್ಕೆ ಹೋದಂತೆ ಗಡಿಯಾರ ಹೆಚ್ಚುಕಡಿಮೆ ದಿನಕ್ಕೊಂದು ಗಂಟೆ ಮುಂದೆ ಸರಿಯುತ್ತದೆ, ವ್ಲಾದಿವೊಸ್ತೋಕ್ ಮಾಸ್ಕೋಗಿಂತ ಏಳು ಗಂಟೆ ಮುಂದೆ. ನಿದ್ದೆ ಕೆಟ್ಟು ಒಬ್ಬರು ಸುಮ್ಮಸುಮ್ಮನೆ ಸಿಡುಕತೊಡಗಿದರೆ ಅವರಿಗೆ ಕೆಳಗಿನ ಬರ್ತ್ ಕೊಟ್ಟು ನೀವು ಊಟದ ಬೋಗಿಗೆ ಹೋಗಿ ಎರಡು ಗಂಟೆ ಕುಳಿತು ಬನ್ನಿ. ಮಾತಾಡಿ ಬಗೆಹರಿಸಿಕೊಳ್ಳುವುದು ನಿದ್ದೆಯಾದ ಮೇಲೆ.

ಹಂತ 8: ಇಳಿಯುವುದು, ಹೊರಬೀಳುವುದು

ಕೊನೆಯ ನಿಲ್ದಾಣಕ್ಕೆ ಮೊದಲೇ ಪ್ರೊವೊದ್ನಿತ್ಸಾ ಎಬ್ಬಿಸಿ ಹಾಸಿಗೆ ಬಟ್ಟೆ ಕೇಳುತ್ತಾರೆ. ಎಲ್ಲ ತುಂಡುಗಳನ್ನೂ ಎಣಿಸಿ ಒಪ್ಪಿಸಿ. ಟವೆಲ್ ನಿಮ್ಮ ಚೀಲಕ್ಕೆ ಸೇರಿಹೋಗಿದೆಯೇ ನೋಡಿ. ಕೆಳಗಿನ ಬರ್ತ್‌ನ ಹಲಗೆ ಎತ್ತಿ ಪೆಟ್ಟಿಗೆಯಂಥ ಜಾಗವನ್ನೂ, ಬಾಗಿಲ ಮೇಲಿನ ಗೂಡನ್ನೂ ಒಮ್ಮೆ ಕೈಯಾಡಿಸಿ.

ಹೋಟೆಲುಗಳು ನಿಮ್ಮ ವಾಸದ ನೋಂದಣಿ ಮಾಡಿ ಕೊಟ್ಟ ಚೀಟಿಗಳು, ಮೂರೂ ತುಂಡುಗಳ ರೈಲು ಟಿಕೆಟ್‌ಗಳು, ಗಡಿಯಲ್ಲಿ ಕೊಟ್ಟ ವಲಸೆ ಚೀಟಿ ಇವನ್ನೆಲ್ಲ ದೇಶ ಬಿಡುವವರೆಗೆ ಎಸೆಯಬೇಡಿ. ಎಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರೆ ತೋರಿಸಲು ಅವೇ ಬೇಕು. ಮಿಕ್ಕ ರೂಬಲ್‌ಗಳನ್ನು ವ್ಲಾದಿವೊಸ್ತೋಕ್‌ನಲ್ಲೇ ಖರ್ಚು ಮಾಡಿಬಿಡಿ, ಬೆಂಗಳೂರಿನಲ್ಲಿ ಅವಕ್ಕೆ ಗಿರಾಕಿ ಸಿಗುವುದು ಕಷ್ಟ. ವಿಮಾನ ನಿಲ್ದಾಣ ನಗರದಿಂದ ದೂರ, ಅರ್ತ್ಯೋಮ್ ಎಂಬ ಊರಿನ ಬಳಿ ಇದೆ. ಹಿಮ ಬೀಳುತ್ತಿದ್ದರೆ ಟ್ಯಾಕ್ಸಿಯಲ್ಲಿ ಒಂದು ಗಂಟೆ ಮೊದಲೇ ಹೊರಡಿ.